ಆ ನೀಲಿ ಆಸಿಡಿನ ಪ್ರಯೋಗ ಒಪ್ಪಬಹುದಾ?

ಪೆರ್ಲದ ನಿರ್ಣಾಯಕ:

ಶನಿವಾರ ರಾತ್ರಿಯೊಳಗೆ ಒಂದು ತೀರ್ಪು ಕೊಡ್ಲಿಕ್ಕುಂಟು ಮಾರಾಯ್ರೇ. ನಮ್ಮ ಟೈಟನ್ ಆಟದ್ದು. ಹೊಸಬರಿಗೆ ಹೇಳುವುದಾದರೆ, ಶನಿಗ್ರಹದ ಉಪಗ್ರಹ ಟೈಟನ್‌ನಲ್ಲಿ ಒಂದು ಗಣಿ ನೆಲೆ. ಒಬ್ಬೊಬ್ಬರದ್ದು ಒಂದೊಂದು ಪಾತ್ರ. ತಮ್ಮ ಪಾತ್ರ ಎಂತ ಮಾಡ್ತದೆ ಅಂತ ಅವರವರೇ ಬರೆದು ಹಾಕುವುದು. ತಕರಾರು ಬಂದರೆ ನನ್ನ ತಲೆಗೆ.

ಈಗಿನ ತಕರಾರು ಇದು. ರಸಾಯನಜ್ಞನ ಪಾತ್ರ ಮಾಡುವ ಹುಡುಗ (ಬದಿಯಡ್ಕದವ, ಪ್ಲಸ್ ಟು ಓದ್ತಾ ಇದ್ದಾನೆ) ‘ನೀಲಾರಿ’ ಅಂತ ಒಂದು ದ್ರವ ಕಂಡುಹಿಡಿದಿದ್ದಾನೆ. ಅವ ಬರೆದದ್ದನ್ನು ಇದ್ದ ಹಾಗೇ ಹಾಕ್ತೇನೆ:

“ಅರ್ಧ ಲೀಟರ್ ನೀಲಾರಿಯನ್ನು ಉಕ್ಕಿನ ಬಾಗಿಲಿಗೆ ಎರಚಿದೆ. ಹತ್ತು ಸೆಕೆಂಡಿನಲ್ಲಿ ಬಾಗಿಲು ಪೂರ್ತಿ ಕರಗಿ ಮಾಯ. ಪ್ರಯೋಗ ಯಶಸ್ವಿ.”

ಬಾಗಿಲು ಕಮಾಂಡರ್ ಪಾತ್ರದ ಉಪ್ಪಳದ ಅಕ್ಕನದ್ದು. ಎತ್ತರ ಎರಡು ಮೀಟರ್, ಅಗಲ ಒಂದು ಮೀಟರ್, ದಪ್ಪ ಹತ್ತು ಸೆಂಟಿಮೀಟರ್ ಅಂತ ಅವರು ಆಟದ ಸುರುವಿಗೇ ಬರೆದಿಟ್ಟಿದ್ದಾರೆ. ಈಗ ಕೆಂಡ ಆಗಿದ್ದಾರೆ. ಹುಡುಗ ಮಾತ್ರ “ಕಲ್ಪನೆಯ ಆಸಿಡ್ ಅಲ್ವಾ, ಅದಕ್ಕೆಂತ ಲೆಕ್ಕ” ಅಂತ ಕೂತಿದ್ದಾನೆ.

ಇಲ್ಲದ ಆಸಿಡನ್ನು ಕಟ್ಟಿದ್ದಕ್ಕೆ ನನ್ನ ಆಕ್ಷೇಪ ಇಲ್ಲ, ಆಟ ಇರುವುದೇ ಅದಕ್ಕೆ. ಆದರೆ ಸೋಲಲಿಕ್ಕೆ ದಾರಿಯೇ ಇಲ್ಲದ್ದಕ್ಕೆ ಪ್ರಯೋಗ ಅಂತ ಹೆಸರು ಕೊಡುವುದು ಹೇಗೆ? ಎಂತದನ್ನು ನೋಡಿ ಅಳೆಯಬೇಕು ಅಂತ ತಿಳಿದವರು ಹೇಳಿ.

ಕುಂಬಳೆಯ ಮಾಷ್ಟ್ರು:

ನನಗೆ ನಿಮ್ಮ ಆಟ ಗೊತ್ತಿಲ್ಲ, ಲೆಕ್ಕ ಗೊತ್ತುಂಟು.

ನೀವು ಕೊಟ್ಟ ಅಳತೆಗೆ ಆ ಬಾಗಿಲು ಒಂದೂವರೆ ಟನ್ನಿಗೆ ಮೇಲೆ ತೂಗ್ತದೆ. ಲ್ಯಾಬಿನ ಸಾರೀಕೃತ (ನೀರು ಕಡಿಮೆ ಇರುವ, ಜೋರಿನ) ಹೈಡ್ರೋಕ್ಲೋರಿಕ್ ಆಮ್ಲ ಒಂದು ಲೀಟರ್ ತೆಗೆದುಕೊಂಡರೆ, ಅದು ಹೆಚ್ಚೆಂದರೆ 330 ಗ್ರಾಂ ಆಸುಪಾಸು ಕಬ್ಬಿಣ ತಿಂದೀತು. ತಿನ್ನುತ್ತಾ ತಾನೂ ಖರ್ಚಾಗ್ತದೆ. ಬಾಗಿಲು ಪೂರ್ತಿ ಹೋಗಬೇಕಾದರೆ ನಾಲ್ಕೂವರೆ ಸಾವಿರ ಲೀಟರಿಗೂ ಹೆಚ್ಚು ಬೇಕು, ಅಂದರೆ ಒಂದು ಟ್ಯಾಂಕರ್. ನೀಲಾರಿ ಅದಕ್ಕಿಂತ ಹತ್ತು ಪಟ್ಟು ಜೋರು ಅಂತಲೇ ಇಟ್ಟುಕೊಳ್ಳಿ, ಅರ್ಧ ಲೀಟರಿಗೆ ಒಂದೂಮುಕ್ಕಾಲು ಕಿಲೋದ ಒಳಗೇ ಮುಗಿಯಿತು. ಅಗುಳಿ ಹೋದೀತು, ಬಾಗಿಲು ಹೋಗದು. ಹಾಗಾಗಿ ಮೊದಲು ಕೇಳಬೇಕಾದ್ದು, ಒಂದು ಲೀಟರ್ ನೀಲಾರಿ ಎಷ್ಟು ಗ್ರಾಂ ತಿನ್ನುತ್ತದೆ? ಆ ಒಂದು ಸಂಖ್ಯೆ ಅವ ಎರಚುವ ಮೊದಲೇ ಬರೆದು ಕೊಡಲಿ. ಎಷ್ಟು ಬೇಕಾದರೂ ಬರೆಯಲಿ, ಆಮೇಲೆ ಬದಲಾಯಿಸುವಂತಿಲ್ಲ.

‘ಮಾಯ’ ಅಂದದ್ದೂ ನಡೆಯುವುದಿಲ್ಲ. ನಾನು ಹೇಳಿದ ಆ ಒಂದು ಲೀಟರ್ ಆಮ್ಲದಿಂದ ಹೊರಡುವ ಹೈಡ್ರೋಜನ್ನೇ 140 ಲೀಟರ್ ಹತ್ತಿರ. ಮುಚ್ಚಿದ ಕೋಣೆ, ಒಳಗೆ ಉಸಿರಾಡುವ ಗಾಳಿ, ಎಲ್ಲೋ ಒಂದು ಸ್ವಿಚ್ಚಿನ ಕಿಡಿ. ಮುಂದಿನದ್ದನ್ನು ಕಥೆ ಬರೆಯುವವರಿಗೆ ನಾನು ಹೇಳಬೇಕಾ?

ಬಾಗಿಲಿನ ಯಾವ ಬದಿಗೆ ಎರಚಿದ್ದು ಅಂತಲೂ ಅವ ಬರೆದಿಲ್ಲ. ಟೈಟನ್‌ನ ನೆಲದಲ್ಲಿ ಮೈನಸ್ 179 ಡಿಗ್ರಿ. ಅಲ್ಲಿ ಕೆರೆಯಲ್ಲಿರುವುದೇ ಮೀಥೇನ್, ನೀರು ಬಂಡೆ. ಹೊರಬದಿಗೆ ಎರಚಿದ್ದಾದರೆ ನಮ್ಮ ಲ್ಯಾಬಿನ ಆಮ್ಲ ಯಾವುದೂ ದ್ರವವಾಗಿ ಉಳಿಯದು.

ಕಮಾಂಡರಮ್ಮನಿಗೂ ಒಂದು ಮಾತು. ಸಾರರಿಕ್ತ, ಅಂದರೆ ನೀರು ಬೆರೆಸಿದ, ನೈಟ್ರಿಕ್ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ಅದೇ ಸಾರೀಕೃತ ಆದರೆ ಕಬ್ಬಿಣದ ಮೇಲೆ ತೆಳು ಆಕ್ಸೈಡ್ ಪೊರೆ ಕಟ್ಟಿ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಜೋರಿದ್ದದ್ದೇ ಸೋಲುತ್ತದೆ. ಮಕ್ಕಳಿಗೆ ಇದನ್ನು ಹೇಳಿದಾಗಲೆಲ್ಲ ನಂಬುತ್ತಿರಲಿಲ್ಲ.

ಮುಳ್ಳೇರಿಯದ ತೋಟದಕ್ಕ:

ಮಾಷ್ಟ್ರ ಲೆಕ್ಕ ಸರಿ. ಆದರೆ ಪ್ರಯೋಗ ಅಂದರೆ ಎಂತದು ಅಂತ ಆ ಹುಡುಗನಿಗೆ ತೋಟದಲ್ಲಿ ನಿಲ್ಲಿಸಿ ತೋರಿಸಬೇಕು.

ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಲಿಕ್ಕೆ ಬೋರ್ಡೋ ದ್ರಾವಣ ಮಾಡ್ತೇವಲ್ಲ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಐವತ್ತು ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನು ಐವತ್ತು ಲೀಟರಿಗೆ, ಮತ್ತೆ ಎರಡನ್ನೂ ಕೂಡಿಸಿ ಕಲಕುವುದು. ಎಲ್ಲ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಕಬ್ಬಿಣದ ಪಾತ್ರೆ ಹತ್ತಿರ ತರಲಿಕ್ಕಿಲ್ಲ. ಕಲಕಿ ಆದ ಮೇಲೆ ಒಂದು ಚೂರಿಯನ್ನು ಬೆಳ್ಳಗೆ ಹೊಳೆಯುವಷ್ಟು ಉಜ್ಜಿ, ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಅಲಗಿನ ಮೇಲೆ ಕೆಂಪಗೆ ತಾಮ್ರದ ಬಣ್ಣ ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಬಿಟ್ಟರೆ ಗೊನೆ ಸುಡ್ತದೆ. ಇನ್ನಷ್ಟು ಸುಣ್ಣದ ನೀರು ಹಾಕಿ, ಚೂರಿ ಪುನಃ ಉಜ್ಜಿ, ಪುನಃ ಅದ್ದುವುದು. ಬಣ್ಣ ಹಿಡಿಯದಿದ್ದರೆ ಮಾತ್ರ ಪಂಪಿಗೆ. ನಮ್ಮ ಅತ್ತೆ ಕನ್ನಡಕ ಇಲ್ಲದೆ ನೋಡಿ “ಸರಿ ಉಂಟು” ಅಂತಾರೆ. ನಾನು ಹಿಂದಿಂದ ಹೋಗಿ ಇನ್ನೊಮ್ಮೆ ಅದ್ದಿ ನೋಡ್ತೇನೆ.

ಕೆಂಪು ಬಂದರೆ ಎಂತ, ಬಾರದಿದ್ದರೆ ಎಂತ ಅಂತ ಅದ್ದುವ ಮೊದಲೇ ಗೊತ್ತುಂಟು ನೋಡಿ. ಹುಡುಗನೂ ಅಷ್ಟು ಬರೆಯಲಿ. ಒಂದು ತುಂಡು ಉಕ್ಕು ನೀಲಾರಿಗೆ, ಅಂಥದ್ದೇ ಇನ್ನೊಂದು ಬರೀ ನೀರಿಗೆ. ಅವನ ಪಾತ್ರ ಮಾತ್ರ ಅಲ್ಲ, ಬೇರೆ ಪಾತ್ರವೂ ಅದ್ದಿ ನೋಡಬೇಕು.

ರಸಾಯನಜ್ಞ (ಬದಿಯಡ್ಕ):

ಮಾಷ್ಟ್ರೇ, ಅಗುಳಿ ಸಾಕು ನನಗೆ. ಬಾಗಿಲು ತೆರೆದರೆ ಆಯ್ತಲ್ಲ. ಲೀಟರಿಗೆ ಮೂರು ಕಿಲೋ ಅಂತ ಬರೆದು ಕೊಡ್ತೇನೆ, ಒಳಬದಿಯಿಂದಲೇ ಹಾಕ್ತೇನೆ. ಆದರೆ ಹೈಡ್ರೋಜನ್ ಬರದ ಹಾಗೆ ಮಾಡಬಹುದಾ?

ಕಮಾಂಡರ್ (ಉಪ್ಪಳ):

ಬರಲೇಬೇಕು. ನಿನ್ನ ಮುಖದ ಹತ್ತಿರವೇ ಬರಬೇಕು. ನಿರ್ಣಾಯಕರೇ, ಮಾಷ್ಟ್ರು ಹೇಳಿದ ಆ ಪೊರೆ ನನ್ನ ಬಾಗಿಲಿಗೆ ಮೊದಲಿಂದಲೇ ಇತ್ತು ಅಂತ ಈಗ ಬರೆಯಬಹುದಾ?

ಪೆರ್ಲದ ನಿರ್ಣಾಯಕ:

ಬರೆಯಲಿಕ್ಕಿಲ್ಲ ಅಕ್ಕ. ಅವನಿಗೆ ಹಿಂದಿನದ್ದನ್ನು ತಿದ್ದಲಿಕ್ಕೆ ಬಿಡುವುದಿಲ್ಲ ಅಂತಾದರೆ ನಿಮಗೂ ಇಲ್ಲ. ಇನ್ನು ಮುಂದಿನ ಬಾಗಿಲಿಗೆ ಬೇಕಾದರೆ ಪೊರೆ ಕಟ್ಟಿಸಿ.

ತೀರ್ಪು: ಆ ಎರಚಾಟ ರದ್ದು, ಬಾಗಿಲು ಇದ್ದಲ್ಲೇ ಉಂಟು. ನೀಲಾರಿ ಇರಲಿ, ಲೀಟರಿಗೆ ಮೂರು ಕಿಲೋ ಉಕ್ಕು, ಅದಕ್ಕಿಂತ ಗುಂಜಿ ಹೆಚ್ಚಿಲ್ಲ. ಮೊದಲು ಎರಡು ತುಂಡಿನ ಪರೀಕ್ಷೆ, ಎರಡನೇ ಸಲ ಅದ್ದುವುದು ಗಣಿ ವೈದ್ಯೆಯ ಪಾತ್ರ. ಹೈಡ್ರೋಜನ್ ಬರ್ತದೆ. ಅದನ್ನು ಹೊರಗೆ ಬಿಡುವ ದಾರಿ ಹುಡುಗನೇ ಹುಡುಕಲಿ. ನೀಲಾರಿಯನ್ನು ಎಂತದರಲ್ಲಿ ತುಂಬಿಸಿ ತಂದೆ ಅಂತಲೂ ಶನಿವಾರದ ಮೊದಲು ಬರೆದು ಹಾಕು ಮಾರಾಯ, ಉಕ್ಕಿನ ಫ್ಲಾಸ್ಕ್ ಅಂತ ಮಾತ್ರ ಹೇಳ್ಬೇಡ.