‘ಚಂಡಮಾರುತವು ಗೆರೆ ದಾಟಿ ಚಂಡಮಾರುತವಾಯಿತು’?

ನಮಸ್ಕಾರ.

ಮಕ್ಕಳಿಗಾಗಿ ಭೂಗೋಳದ ಕಿರುಹೊತ್ತಿಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ವಾಕ್ಯ ಮೂರು ದಿನಗಳಿಂದ ಕಾಡುತ್ತಿದೆ. 1994ರಲ್ಲಿ ಪೂರ್ವ ಪೆಸಿಫಿಕ್‌ನಲ್ಲಿ ಹುಟ್ಟಿದ ‘ಜಾನ್’ ಎಂಬ ಹರಿಕೇನ್ ಪಶ್ಚಿಮಕ್ಕೆ ಸಾಗಿ, ಅಂತರರಾಷ್ಟ್ರೀಯ ದಿನರೇಖೆ ದಾಟಿದ ಕೂಡಲೇ ಟೈಫೂನ್ ಎನಿಸಿಕೊಂಡಿತು. ಗಾಳಿ ಅದೇ, ಹೆಸರೂ ಅದೇ. ಮನೆತನ ಮಾತ್ರ ಬೇರೆ. ನಮ್ಮಲ್ಲಿ ಎರಡಕ್ಕೂ ಚಂಡಮಾರುತವೆಂದೇ ಬರೆಯುವ ರೂಢಿ. ಹಾಗೆ ಬರೆದರೆ ವಾಕ್ಯ ಮೇಲಿನ ಶೀರ್ಷಿಕೆಯಂತಾಗುತ್ತದೆ.

ಅಟ್ಲಾಂಟಿಕ್ ಮತ್ತು ಪೂರ್ವ ಪೆಸಿಫಿಕ್‌ನಲ್ಲಿ ಹರಿಕೇನ್, ಜಪಾನ್, ಫಿಲಿಪ್ಪೀನ್ಸ್ ಕಡೆ ಟೈಫೂನ್, ಹಿಂದೂ ಮಹಾಸಾಗರದಲ್ಲಿ ಸೈಕ್ಲೋನ್. ಮೂರೂ ಬೆಚ್ಚನೆಯ ಕಡಲಿನ ನೀರಾವಿಯಿಂದ ಬಲ ಪಡೆಯುವಂಥವು. ಸಮಭಾಜಕದ ಉತ್ತರಕ್ಕೆ ಅಪ್ರದಕ್ಷಿಣವಾಗಿ, ದಕ್ಷಿಣಕ್ಕೆ ಪ್ರದಕ್ಷಿಣವಾಗಿ ಸುತ್ತುತ್ತವೆ.

ಆದರೆ ಅಳತೆಗೋಲು ಒಂದೇ ಅಲ್ಲ. ನಮ್ಮ ಹವಾಮಾನ ಇಲಾಖೆ ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ವಾಯುಭಾರ ಕುಸಿತವನ್ನು ಚಂಡಮಾರುತವೆಂದು ಘೋಷಿಸಿ ಹೆಸರಿಡುತ್ತದೆ. ಹರಿಕೇನ್ ಎನಿಸಿಕೊಳ್ಳಲು 119 ಕಿ.ಮೀ. ಬೇಕು. ಅಂದರೆ ಬಂಗಾಳ ಕೊಲ್ಲಿಯಲ್ಲಿ 70 ಕಿ.ಮೀ. ವೇಗದ ಗಾಳಿ ಚಂಡಮಾರುತ. ಅಷ್ಟೇ ಗಾಳಿ ಫ್ಲೋರಿಡಾದ ಮುಂದೆ ಬೀಸಿದರೆ ಅದು ಹರಿಕೇನ್ ಅಲ್ಲ. ಹೀಗಿರುವಾಗ ಒಂದಕ್ಕೊಂದು ಪರ್ಯಾಯವೆಂದು ಬರೆಯಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಒಟ್ಟು ಬಳಗಕ್ಕೆ ಚಂಡಮಾರುತ, ಆಯಾ ಕಡಲಿನ ಹೆಸರು ಬೇಕಾದಲ್ಲಿ ಹರಿಕೇನ್, ಟೈಫೂನ್ ಎಂದೇ ಉಳಿಸುವುದು ಸರಿಯೆಂದು ನನ್ನ ಎಣಿಕೆ.

ಹರಿಕೇನ್‌ಗೆ ಸುಂಟರಗಾಳಿ ಎಂದು ಬರೆದದ್ದನ್ನೂ ಕಂಡಿದ್ದೇನೆ. ಇದನ್ನು ಖಂಡಿತ ಒಪ್ಪಲಾರೆ. ಸುಗ್ಗಿಯ ಮಧ್ಯಾಹ್ನ ಕಣದ ಹೊಟ್ಟು, ತರಗೆಲೆಗಳನ್ನು ತಿರುಗಿಸಿ ಮೇಲಕ್ಕೆತ್ತಿ, ಬೇಲಿ ದಾಟುವಷ್ಟರಲ್ಲಿ ಕುಸಿಯುವುದು ಸುಂಟರಗಾಳಿ. ಅದನ್ನು ಹಿಗ್ಗಿಸಿ ಟಾರ್ನೆಡೊಗೆ ಹೇಳಬಹುದು, ನೂರಾರು ಕಿ.ಮೀ. ಹರಡಿ ದಿನಗಟ್ಟಲೆ ಕಡಲಿನ ಮೇಲೆ ನಡೆಯುವ ಗಾಳಿಗಲ್ಲ.

ಇನ್ನೊಂದು ಮಾತು. ಸೈಕ್ಲೋನ್ ಎಂಬ ಪದವನ್ನು 19ನೆಯ ಶತಮಾನದಲ್ಲಿ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಟಂಕಿಸಿದ್ದು, ಹಾವಿನ ಸುರುಳಿಯನ್ನು ನೆನೆದು. ಚಂಡಮಾರುತದಲ್ಲಿ ಉಗ್ರತೆ ಇದೆ, ಸುರುಳಿ ಇಲ್ಲ.

ಮಲ್ಪೆಯ ದಕ್ಕೆಯಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು ‘ತೂಫಾನು ಉಂಟು, ಬೋಟು ಬಿಡುವುದಿಲ್ಲ’ ಎಂದದ್ದು ನೆನಪಿದೆ. ತೂಫಾನು ಟೈಫೂನ್‌ನ ನೆಂಟ, ಅರಬ್ಬಿಯಿಂದ ಬಂದದ್ದು. ಕಾರವಾರ, ಕುಂದಾಪುರದ ಕಡಲಿನವರಲ್ಲಿ ಇದಕ್ಕಿಂತ ಹಳೆಯ ಪದವೇನಾದರೂ ಇದೆಯೇ? ಅದು ಬರಿಯ ಬಿರುಸನ್ನು ಹೇಳುತ್ತದೆಯೇ, ಸುತ್ತುವುದನ್ನೂ ಹೇಳುತ್ತದೆಯೇ? ಬಲ್ಲವರು ದಯವಿಟ್ಟು ಬಳಕೆಯ ವಾಕ್ಯದೊಡನೆ ತಿಳಿಸಬೇಕು.