ಪದಚರ್ಚೆ: ಭೂತಗನ್ನಡಿಯಲ್ಲಿ ‘ಕನ್ನಡಿ’ ಹೇಗೆ ಬಂತು?

ಎಲ್ಲರಿಗೂ ನಮಸ್ಕಾರ.

ಎರಡನೇ ತರಗತಿಯಲ್ಲಿರುವ ಮಗಳಿಗೆ ಒಂದು ಭೂತಗನ್ನಡಿ ತಂದುಕೊಟ್ಟೆ. ಪೇಪರ್ ಮೇಲಿಟ್ಟು ‘ಧ’ ಅಕ್ಷರದ ಹೊಟ್ಟೆ ಸೀಳಿರುವುದನ್ನು ನೋಡಿ ಕುಣಿದಾಡಿದಳು. ಆಮೇಲೆ ಕೇಳಿದಳು: “ಅಪ್ಪಾ, ಕನ್ನಡಿ ಅಂದ್ಮೇಲೆ ನನ್ನ ಮುಖ ಯಾಕೆ ಕಾಣಲ್ಲ?”

‘ಭೂತ’ದ ಬಗ್ಗೆ ಹೇಳುವುದು ಕಷ್ಟವಾಗಲಿಲ್ಲ. ತುಂಬಾ ದೊಡ್ಡದಕ್ಕೆ ಭೂತಾಕಾರ ಅನ್ನುತ್ತೇವಲ್ಲ, ಇಲ್ಲಿರುವುದೂ ಅದೇ ಭೂತ ಅಂತ ನನ್ನ ಊಹೆ. ತೆಲುಗಿನವರು ‘ಭೂತದ್ದಂ’ ಅನ್ನುತ್ತಾರೆ, ತಮಿಳರು ‘ಪೂದಕ್ಕಣ್ಣಾಡಿ’. ತೊಡಕಿರುವುದು ಕನ್ನಡಿಯಲ್ಲಿ. ತಮಿಳಿನ ‘ಕಣ್ಣಾಡಿ’ ಗಾಜಿಗೂ ಆಗುತ್ತದೆ, ಮುಖ ನೋಡುವ ಕನ್ನಡಿಗೂ ಆಗುತ್ತದೆ, ಕನ್ನಡಕಕ್ಕೂ ಆಗುತ್ತದೆ. ನಮಗೆ ಕನ್ನಡಿ ಅಂದ ಕೂಡಲೇ ನೆನಪಾಗುವುದು ಮುಖವೇ.

ಮಗುವಿಗೆ ಈ ವ್ಯತ್ಯಾಸ ತಿಳಿಯಲೇಬೇಕು ಅಂತ ನನಗನ್ನಿಸುತ್ತದೆ. ಕನ್ನಡಿ ಬೆಳಕನ್ನು ವಾಪಸ್ ಕಳಿಸುತ್ತದೆ. ಭೂತಗನ್ನಡಿ ಬೆಳಕನ್ನು ಒಳಗೆ ಬಿಟ್ಟುಕೊಂಡು ಬಾಗಿಸುತ್ತದೆ. ಅದರ ನಡು ದಪ್ಪ, ಅಂಚು ತೆಳು. ಹಾಗಾಗಿ ಅಕ್ಷರದಿಂದ ಹರಡಿಕೊಂಡು ಬರುವ ಬೆಳಕು ಗಾಜು ದಾಟುವಾಗ ನಡುವಿನ ಕಡೆಗೆ ಬಾಗುತ್ತದೆ. ಬಾಗಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಬೆಳಕು ನೇರವಾಗಿಯೇ ಬಂತು ಅಂದುಕೊಂಡು, ಅದೇ ಗೆರೆಯಲ್ಲಿ ಹಿಂದಕ್ಕೆ ಹೋಗಿ ಅಕ್ಷರವನ್ನು ಹುಡುಕುತ್ತದೆ. ಅಲ್ಲಿ ಸಿಗುವುದು ದೊಡ್ಡ ಅಕ್ಷರ. ಇದನ್ನು ತೋರಿಸಲು ಗಾಜೇ ಬೇಕಿಲ್ಲ. ಪೇಪರ್ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ ಒಂದು ಹನಿ ನೀರು ಬಿಡಿ. ಹನಿಯೂ ಉಬ್ಬಿರುತ್ತದೆ, ಅಡಿಯಲ್ಲಿರುವ ಅಕ್ಷರವೂ ಹಿಗ್ಗುತ್ತದೆ.

ಬೆಳಕು ಬಾಗಿಸುವ ಇಂಥ ಗಾಜಿಗೆ (ಲೆನ್ಸ್) ಪಠ್ಯಪುಸ್ತಕದಲ್ಲಿರುವ ‘ಮಸೂರ’ ಒಳ್ಳೆಯ ಪದ. ಮಸೂರ ಅಂದರೆ ಚನ್ನಂಗಿ. ಲ್ಯಾಟಿನ್ನಿನ ‘ಲೆನ್ಸ್’ ಕೂಡ ಅದೇ ಕಾಳು! ಸಿಪ್ಪೆ ಇರುವ ಇಡೀ ಕಾಳೊಂದನ್ನು ಅವಳ ಅಂಗೈಯಲ್ಲಿಟ್ಟೆ. ಎರಡೂ ಕಡೆ ಉಬ್ಬು, ಸುತ್ತ ತೆಳು ಅಂಚು. ಅಷ್ಟೇ ಸಾಕಾಯಿತು, ಬೇರೆ ವಿವರಣೆ ಕೇಳಲಿಲ್ಲ. ಆದರೆ ‘ಪೀನ ಮಸೂರ’ ಅಂದಾಗ ‘ಪೀನ’ದಲ್ಲಿ ಸಿಕ್ಕಿಕೊಂಡಳು. ಆ ವಯಸ್ಸಿಗೆ ‘ಉಬ್ಬುಗಾಜು’ ಸಾಕಲ್ವಾ?

ಭೂತಗನ್ನಡಿಯನ್ನು ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ‘ಭೂತಗನ್ನಡಿ ಹಿಡಿದು ತಪ್ಪು ಹುಡುಕುವುದು’ ಅನ್ನುವ ಮಾತು ಇಂದಿಗೂ ಬಳಕೆಯಲ್ಲಿದೆ. ಮಕ್ಕಳು ಆ ಪದವನ್ನೇ ಮೊದಲು ಕಲಿಯಲಿ. ಹೇಗೆ ಕೆಲಸ ಮಾಡುತ್ತದೆ ಅಂತ ವಿವರಿಸುವಾಗ ಮಾತ್ರ ಉಬ್ಬುಗಾಜು ಅನ್ನೋಣ ಅಂತ ನನ್ನ ಆಸೆ.

ನಿಮ್ಮ ಊರಿನ ಕಡೆ ಬರೀ ಗಾಜಿಗೆ ‘ಕನ್ನಡಿ’ ಅನ್ನುವುದುಂಟೇ? ಹಿರಿಯರ ಬಾಯಲ್ಲಿ ಕೇಳಿದ್ದರೆ, ಯಾವ ಸಂದರ್ಭದಲ್ಲಿ ಹೇಳಿದರು ಅಂತಲೂ ಬರೆಯಿರಿ. ಇನ್ನೊಂದು, ನಡು ತೆಳುವಾಗಿರುವ ‘ನಿಮ್ನ ಮಸೂರ’ಕ್ಕೆ ‘ತಗ್ಗುಗಾಜು’ ಅಂದರೆ ಕಿವಿಗೆ ಹಿತವಾಗುತ್ತದೆಯೇ?