ಎಚ್‌ಡಿಎಂಐ ಸಿಕ್ಕಿಸಿದ ಕೂಡಲೇ ಸ್ಕ್ರಿಪ್ಟ್ ತಾನಾಗೇ ಓಡಬೇಕು, ನೀವೆಲ್ಲ ಹೇಗೆ ಮಾಡಿಕೊಂಡಿದ್ದೀರಿ?

ಲಿನಕ್ಸ್ ಮಿಂಟ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬಳಸುತ್ತೇನೆ. ಆಫೀಸಿನಲ್ಲಿ ಮಾನಿಟರ್ ಕೇಬಲ್ ಸಿಕ್ಕಿಸಿದಾಗಲೆಲ್ಲ ಟರ್ಮಿನಲ್ ತೆರೆದು ಸ್ಕ್ರೀನ್ ಜೋಡಿಸುವ ಎಕ್ಸ್‌ರ್ಯಾಂಡರ್ ಕಮಾಂಡ್ ಕೊಡಬೇಕು, ಆಮೇಲೆ ಸೌಂಡ್ ಬೇರೆ ಬದಲಾಯಿಸಬೇಕು. ಎರಡನ್ನೂ ಒಂದು ಸ್ಕ್ರಿಪ್ಟಿಗೆ ಹಾಕಿ ಯುಡೆವ್ (ಏನಾದರೂ ಸಿಕ್ಕಿಸಿದಾಗ, ಕಿತ್ತಾಗ ಗಮನಿಸುವ ಲಿನಕ್ಸಿನ ಭಾಗ) ರೂಲ್ ಬರೆದೆ. ಕೈಯಿಂದ ಓಡಿಸಿದರೆ ಸರಿ ಇದೆ, ಕೇಬಲ್ ಸಿಕ್ಕಿಸಿದರೆ ಏನೂ ಆಗುವುದಿಲ್ಲ. ಎರರ್ ಕೂಡ ಇಲ್ಲ. ಮಾಡಿದವರು ದಯವಿಟ್ಟು ಹೇಳಿ.

•

ನನಗೂ ಇದೇ ಆಗಿತ್ತು. ಮೊದಲು ತಪ್ಪು ರೂಲಿನಲ್ಲಿದೆಯೋ ಸ್ಕ್ರಿಪ್ಟಿನಲ್ಲಿದೆಯೋ ನೋಡಿಕೊಳ್ಳಿ, ಇಲ್ಲದಿದ್ದರೆ ಸುಮ್ನೆ ಎರಡನ್ನೂ ತಿದ್ದುತ್ತಾ ದಿನ ಹೋಗುತ್ತದೆ. ನಾನು ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಲಾಗರ್ ಕಮಾಂಡ್ ಹಾಕಿ ‘ಬಂದೆ’ ಅಂತ ಬರೆಸಿದೆ, ಒಂದು ಕಡೆ ಜರ್ನಲ್ (ಸಿಸ್ಟಮ್ ಲಾಗ್) ತೆರೆದಿಟ್ಟು ಕೇಬಲ್ ಸಿಕ್ಕಿಸಿದೆ. ‘ಬಂದೆ’ ಅಂತ ಬಿತ್ತು, ಅದೂ ಮೂರು ಸಲ! ಅಂದರೆ ರೂಲ್ ಸರಿ ಇತ್ತು, ಸ್ಕ್ರಿಪ್ಟೂ ಓಡುತ್ತಿತ್ತು, ಎಕ್ಸ್‌ರ್ಯಾಂಡರ್ ಮಾತ್ರ ಕೈಕೊಡುತ್ತಿತ್ತು.

ಕಾರಣ ಇಷ್ಟೇ. ಯುಡೆವ್ ಸ್ಕ್ರಿಪ್ಟನ್ನು ರೂಟ್ (ಅಡ್ಮಿನ್) ಆಗಿ ಓಡಿಸುತ್ತದೆ, ನೀವು ಲಾಗಿನ್ ಆಗಿರುವ ಸ್ಕ್ರೀನ್ ಯಾವುದು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಸ್ಕ್ರಿಪ್ಟಿನೊಳಗೇ ಡಿಸ್‌ಪ್ಲೇ (ಯಾವ ಸ್ಕ್ರೀನ್) ಮತ್ತು ಎಕ್ಸ್‌ಅಥಾರಿಟಿ (ಅದನ್ನು ಬಳಸುವ ಅನುಮತಿಯ ಫೈಲ್) ಎರಡು ವೇರಿಯಬಲ್ ಎಕ್ಸ್‌ಪೋರ್ಟ್ ಮಾಡಿ. ಅವುಗಳಲ್ಲಿ ಏನಿರಬೇಕು ಅಂತ ನಿಮ್ಮ ಟರ್ಮಿನಲ್‌ನಲ್ಲೇ ಎಕೋ ಮಾಡಿದರೆ ಕಾಣುತ್ತದೆ. ಮೂರು ಸಲ ಓಡುವುದನ್ನು ತಡೆಯಲು ಎಫ್‌ಲಾಕ್ (ಒಂದು ಓಡುತ್ತಿರುವಾಗ ಇನ್ನೊಂದನ್ನು ಬಿಡದ ಕಮಾಂಡ್) ಹಾಕಿಬಿಡಿ.

•

ಮೇಲಿನವರು ಹೇಳಿದ್ದು ಸರಿ. ಇನ್ನೊಂದು ವಿಷಯ, ಯುಡೆವ್ ಒಳಗೆ ಜಾಸ್ತಿ ಹೊತ್ತು ಹಿಡಿಯುವ ಕೆಲಸ ಇಡಬೇಡಿ. ಆ ಈವೆಂಟ್ ಮುಗಿದ ಮೇಲೆ ಸ್ಕ್ರಿಪ್ಟ್ ಹಿಂದೆ ಬಿಟ್ಟಿದ್ದನ್ನೆಲ್ಲ ಅದು ಕೊಂದುಬಿಡುತ್ತದೆ, ಬ್ಯಾಕ್‌ಗ್ರೌಂಡಿಗೆ ಕಳಿಸಿದ್ದನ್ನೂ ಸೇರಿಸಿ. ರೂಲಿನಿಂದ ಒಂದು ಸಿಸ್ಟಮ್‌ಡಿ ಸರ್ವೀಸ್ (ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ಕೆಲಸ) ಶುರು ಮಾಡಿಸಿ, ಉಳಿದದ್ದನ್ನು ಅದು ನೋಡಿಕೊಳ್ಳಲಿ.

ಮತ್ತೆ, ಸಿಕ್ಕಿಸಿದರೂ ಕಿತ್ತರೂ ಬರುವುದು ಒಂದೇ ‘ಚೇಂಜ್’ ಈವೆಂಟ್. ಯಾವುದು ಅಂತ ತಿಳಿಯಲು /sys/class/drm ಒಳಗೆ ಆ ಪೋರ್ಟಿನ ಫೋಲ್ಡರಿನಲ್ಲಿರುವ ಸ್ಟೇಟಸ್ ಫೈಲನ್ನು ಓದಬೇಕು. ಅಲ್ಲಿ ಪೋರ್ಟಿನ ಹೆಸರು ಎಚ್‌ಡಿಎಂಐ-ಎ-1 ಅಂತಿದ್ದರೆ ಎಕ್ಸ್‌ರ್ಯಾಂಡರ್‌ನಲ್ಲಿ ಎಚ್‌ಡಿಎಂಐ-1 ಅಂತಿರಬಹುದು. ಈ ಒಂದು ‘ಎ’ ಹಿಂದೆ ನಾನು ಒಂದಿಡೀ ಸಂಜೆ ಕಳೆದಿದ್ದೇನೆ. ಗ್ರಾಫಿಕ್ಸ್ ಕಾರ್ಡ್ ನಂಬರ್ ಕೂಡ 0 ಅಂತಲೇ ನಂಬಬೇಡಿ, ಕರ್ನಲ್ ಅಪ್‌ಡೇಟ್ ಆದ ಮೇಲೆ ನನ್ನದರಲ್ಲಿ 1 ಆಗಿತ್ತು.

•

ಇಷ್ಟೆಲ್ಲ ಕೈಯಿಂದ ಬರೆಯೋದು ಯಾಕೆ? ಆಟೋರ್ಯಾಂಡರ್ ಹಾಕಿಕೊಳ್ಳಿ, ಸ್ಕ್ರೀನ್ ಜೋಡಣೆಯನ್ನು ತಾನಾಗೇ ಬದಲಾಯಿಸೋ ಪ್ರೋಗ್ರಾಂ ಅದು. ನಾನು ಕಾಲೇಜಿನಲ್ಲಿ ಪಾಠ ಮಾಡುವವಳು, ಸ್ಟಾಫ್ ರೂಮಿನ ಮಾನಿಟರ್ ಬೇರೆ, ಕ್ಲಾಸಿನ ಪ್ರೊಜೆಕ್ಟರ್ ಬೇರೆ. ಒಂದೊಂದನ್ನೂ ಸಿಕ್ಕಿಸಿ, ಬೇಕಾದ ಹಾಗೆ ಜೋಡಿಸಿ, ಒಂದೊಂದು ಹೆಸರಿನಲ್ಲಿ ಸೇವ್ ಮಾಡಿದೆ ಅಷ್ಟೇ. ಮಾನಿಟರಿನ ಇಡಿಐಡಿ (ಅದು ತನ್ನ ಬಗ್ಗೆ ಕಳಿಸೋ ಗುರುತಿನ ಮಾಹಿತಿ) ನೋಡಿ ಯಾವುದು ಅಂತ ಅದೇ ಗುರುತು ಹಿಡಿಯುತ್ತದೆ. ನಿಮ್ಮ ಸೌಂಡ್ ಕೆಲಸವನ್ನು ಅದರ ಕಾನ್ಫಿಗ್ ಫೋಲ್ಡರಿನಲ್ಲಿ ‘ಪೋಸ್ಟ್‌ಸ್ವಿಚ್’ ಅನ್ನೋ ಸ್ಕ್ರಿಪ್ಟಿಗೆ ಹಾಕಿದರೆ ಸ್ಕ್ರೀನ್ ಬದಲಾದ ಮೇಲೆ ಅದು ಓಡುತ್ತದೆ. ಎಕ್ಸಿಕ್ಯೂಟ್ ಪರ್ಮಿಶನ್ ಕೊಡೋದು ಮರೀಬೇಡಿ. ಹಳೇ ವಿಜಿಎ ಸ್ಪ್ಲಿಟರ್ ಮಧ್ಯೆ ಇದ್ದರೆ ಇಡಿಐಡಿ ಬರದೇ ಹೋಗಬಹುದು, ಆಗ ಗುರುತು ಹಿಡಿಯೋದು ಕಷ್ಟ.

•

ಮುಂದೆ ವೇಲ್ಯಾಂಡ್‌ಗೆ (ಎಕ್ಸ್ ಬದಲಿಗೆ ಬಂದಿರುವ ಹೊಸ ಡಿಸ್‌ಪ್ಲೇ ವ್ಯವಸ್ಥೆ) ಹೋಗುವವರಿಗೆ ಒಂದು ಮಾತು. ಅಲ್ಲಿ ಎಕ್ಸ್‌ರ್ಯಾಂಡರ್‌ನಿಂದ ಸ್ಕ್ರೀನ್ ಜೋಡಿಸೋಕೆ ಆಗಲ್ಲ. ಸ್ವೇ ಡೆಸ್ಕ್‌ಟಾಪ್ ಬಳಸುವವರಿಗೆ ಆಟೋರ್ಯಾಂಡರ್ ತರಹದ್ದೇ ಕಾನ್ಶಿ ಇದೆ, ಪ್ರೊಫೈಲಿನೊಳಗೇ ಒಂದು ಎಕ್ಸೆಕ್ ಸಾಲು ಬರೆದರೆ ಸ್ಕ್ರಿಪ್ಟ್ ಓಡುತ್ತದೆ. ಗ್ನೋಮ್, ಕೆಡಿಇ ಜೋಡಣೆಯನ್ನು ತಾವೇ ನೆನಪಿಟ್ಟುಕೊಳ್ಳುತ್ತವೆ.

•

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನನ್ನದರಲ್ಲೂ ಎಕ್ಸ್‌ಅಥಾರಿಟಿಯೇ ಇರಲಿಲ್ಲ. ಅದನ್ನು ಹಾಕಿದ ಮೇಲೆ ಸ್ಕ್ರೀನ್ ಬಂತು, ಸೌಂಡ್ ಬರಲಿಲ್ಲ, ಅದೂ ರೂಟ್ ಆಗಿ ಓಡುತ್ತಿತ್ತು ಅಲ್ವಾ. ಕೊನೆಗೆ ಮೇಡಂ ಹೇಳಿದ ಹಾಗೆ ನನ್ನ ರೂಲ್ ಅಳಿಸಿ ಆಟೋರ್ಯಾಂಡರ್ ಹಾಕಿದೆ, ಸೌಂಡ್ ಸಾಲನ್ನು ಪೋಸ್ಟ್‌ಸ್ವಿಚ್‌ಗೆ ಬರೆದೆ. ಈಗಷ್ಟೇ ಕೇಬಲ್ ಕಿತ್ತು ನಾಲ್ಕು ಸಲ ಸಿಕ್ಕಿಸಿ ನೋಡಿದೆ, ನಾಲ್ಕೂ ಸಲ ಎರಡೂ ಬಂದವು.